ಸೈನ್, ಕಾಸ್ ಕಂಬದ ನೆರಳಿಗೇ ನಿಲ್ಲುವುದು ಬೇಡ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಕಡೆ ಎಲ್ಲರದೂ ಒಂದೇ ಮಾತು: ಕಲ್ಯಾಣ ಕರ್ನಾಟಕದ ಫಲಿತಾಂಶ ಯಾಕೆ ಮೇಲೇಳುತ್ತಿಲ್ಲ? 2025ರಲ್ಲಂತೂ ನಮ್ಮ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಕಾರಣ ಬೇಕಾದಷ್ಟಿವೆ. ಖಾಲಿ ಹುದ್ದೆ, ಗುಳೆ ಹೋಗುವ ಮನೆಗಳು, ತೊಗರಿ ರಾಶಿ ಹೊತ್ತಿಗೆ ಹೊಲಕ್ಕೆ ಹೋಗುವ ಮಕ್ಕಳು. ಅವನ್ನೆಲ್ಲ ಬಲ್ಲವರು ಬರೆಯುತ್ತಲೇ ಇದ್ದಾರೆ. ನಾನು ಹೇಳಲು ಹೊರಟಿರುವುದು ತೀರಾ ಸಣ್ಣ ವಿಷಯ. ಹತ್ತನೇ ತರಗತಿಯ ತ್ರಿಕೋನಮಿತಿ ಪಾಠವನ್ನು ಕಂಬ, ಗೋಪುರ, ನೆರಳಿಗೇ ಮುಗಿಸಬೇಡಿ. ಕಂಪ್ಯೂಟರ್ ಪರದೆಯ ಮೇಲೆ, ಭೂಮಿ ಸೂರ್ಯನನ್ನು ಸುತ್ತುವ ಹಾಗೆ, ಒಂದು ಚುಕ್ಕೆಯನ್ನು ಇನ್ನೊಂದು ಚುಕ್ಕೆಯ ಸುತ್ತ ಓಡಿಸಿ ತೋರಿಸಿ. ಎರಡು ಪಿರಿಯಡ್ ಸಾಕು.

ನಾನು ಹೈಸ್ಕೂಲಿನ ಗಣಿತ ಮಾಸ್ತರ. ಸಂಜೆ ಹೊತ್ತು ಓಣಿಯ ಮಕ್ಕಳಿಗೆ ಹಳೇ ಲ್ಯಾಪ್‌ಟಾಪಿನಲ್ಲಿ ಅಷ್ಟಿಷ್ಟು ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಗಣಿತ ಕ್ಲಾಸಿನಲ್ಲಿ ಸೈನ್ ತೀಟಾ (ಲಂಬಕೋನ ತ್ರಿಭುಜದಲ್ಲಿ ತೀಟಾ ಕೋನದ ಎದುರಿನ ಬಾಹು ಭಾಗಿಸು ವಿಕರ್ಣ; ಪಕ್ಕದ ಬಾಹು ತೆಗೆದುಕೊಂಡರೆ ಕಾಸ್) ಎಂದ ಕೂಡಲೇ ಹಿಂದಿನ ಬೆಂಚಿನಿಂದ ಬರುವ ಪ್ರಶ್ನೆ ಎಲ್ಲ ಮಾಸ್ತರರಿಗೂ ಗೊತ್ತು. "ಇದು ಎದಕ್ಕ ಬೇಕ್ರೀ ಸರ್?" ನಾವು ಕೊಡುವ ಉತ್ತರವೂ ಗೊತ್ತಿರುವುದೇ. ಕಂಬದ ಎತ್ತರ ಅಳೆಯಲು ಬೇಕು, ಗಾಳಿಪಟದ ದಾರದ ಉದ್ದ ಕಂಡುಹಿಡಿಯಲು ಬೇಕು. ಮಕ್ಕಳು ಸುಮ್ನೆ ತಲೆ ಆಡಿಸುತ್ತಾರೆ. ಗಾಳಿಪಟ ಹಾರಿಸುವವನು ಯಾವತ್ತಾದರೂ ಉನ್ನತ ಕೋನ ಅಳೆದಿದ್ದಾನಾ? ಅವರಿಗೂ ಗೊತ್ತು, ನಮಗೂ ಗೊತ್ತು.

ಈ ಲೆಕ್ಕ ಬೆಳೆದದ್ದಾದರೂ ಎಲ್ಲಿ? ಕಂಬ ಅಳೆಯುವವರ ಕೈಯಲ್ಲಲ್ಲ. ಆಕಾಶ ನೋಡುವವರಿಗೆ ಇದು ಬೇಕಾಗಿತ್ತು. 499ರ ಸುಮಾರಿಗೆ ಆರ್ಯಭಟ ಮೂರೂ ಮುಕ್ಕಾಲು ಡಿಗ್ರಿಗೆ ಒಂದರಂತೆ 24 ಸೈನ್ ಬೆಲೆಗಳನ್ನು ಕೊಟ್ಟ. ಅವನಿಗೆ ಬೇಕಿದ್ದದ್ದು ಸೂರ್ಯ, ಚಂದ್ರ, ಗ್ರಹಗಳು ಇಂಥ ದಿನ ಎಲ್ಲಿರುತ್ತವೆ ಎಂಬ ಲೆಕ್ಕ. ಅವನಿಗಿಂತ ಮೊದಲು ಗ್ರೀಕರು ಮಾಡಿದ ಕೋಷ್ಟಕಗಳೂ ಅದಕ್ಕೇ. ಅಂದರೆ ಸುತ್ತುವ ವಸ್ತು ಈಗ ಎಲ್ಲಿದೆ ಎಂದು ಹೇಳುವುದು ಸೈನಿನ ಮೂಲ ಕಸುಬು. ನಾವು ಮಾತ್ರ ಅದನ್ನು ಗೋಡೆಗೆ ಒರಗಿಸಿದ ಏಣಿಗೆ ಕಟ್ಟಿಹಾಕಿದ್ದೇವೆ.

ಚುಕ್ಕೆ ಸುತ್ತಿಸುವುದು ಹೇಗೆ ಎಂದು ಇಲ್ಲೇ ಬರೆಯುತ್ತೇನೆ, ಪತ್ರ ಸ್ವಲ್ಪ ಉದ್ದವಾದರೂ ಸಂಪಾದಕರು ಸಹಿಸಿಕೊಳ್ಳಬೇಕು. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತು ಸುತ್ತುವುದನ್ನು ಮನಸ್ಸಿಗೆ ತಂದುಕೊಳ್ಳಿ. ಮೇಟಿ ನಡು, ಹಗ್ಗ ತ್ರಿಜ್ಯ, ಎತ್ತು ಎಷ್ಟು ತಿರುಗಿದೆ ಎಂಬುದು ಕೋನ. ಈ ಮೂರು ಗೊತ್ತಿದ್ದರೆ ಎತ್ತು ಎಲ್ಲಿದೆ ಎಂದು ಹೇಳಬಹುದು. ಅಡ್ಡಕ್ಕೆ ಎಷ್ಟು ದೂರ? ನಡುವಿನ ಎಕ್ಸ್‌ಗೆ ತ್ರಿಜ್ಯ ಗುಣಿಸು ಕಾಸ್ ಕೋನ ಕೂಡಿಸಿ. ಉದ್ದಕ್ಕೆ ಎಷ್ಟು? ನಡುವಿನ ವೈಗೆ ತ್ರಿಜ್ಯ ಗುಣಿಸು ಸೈನ್ ಕೋನ ಕೂಡಿಸಿ. ಚುಕ್ಕೆ ಅಲ್ಲಿಡಿ, ಕೋನಕ್ಕೆ ಒಂದು ಡಿಗ್ರಿ ಸೇರಿಸಿ, ಹಳೆಯದನ್ನು ಅಳಿಸಿ ಮತ್ತೆ ಇಡಿ. ಇಷ್ಟೇ. ಸೆಕೆಂಡಿಗೆ 60 ಸಲ ಹೀಗೆ ಮಾಡಿದರೆ 6 ಸೆಕೆಂಡಿಗೆ ಒಂದು ಸುತ್ತು.

ಇದರಲ್ಲಿ ಸಿಲಬಸ್ಸಿನ ಹೊರಗಿನದು ಏನಿದೆ ಹೇಳಿ? ತ್ರಿಜ್ಯವೇ ವಿಕರ್ಣ. ಅಡ್ಡ ದೂರ ಪಾರ್ಶ್ವ ಬಾಹು, ಎತ್ತರ ಅಭಿಮುಖ ಬಾಹು. ಬೋರ್ಡ್ ಮೇಲೆ ಬರೆದ ಅದೇ ಲಂಬಕೋನ ತ್ರಿಭುಜ, ಈಗ ಅಲುಗಾಡುತ್ತಿದೆ ಅಷ್ಟೇ. ಮಕ್ಕಳು ಬಾಯಿಪಾಠ ಮಾಡಿದ 0, 30, 45, 60, 90ರ ಕೋಷ್ಟಕ ಇದೆಯಲ್ಲ, ಅದನ್ನು ಪರದೆಯ ಮೇಲೆ ನೋಡಬಹುದು. ಕಾಲು ಸುತ್ತಿನಲ್ಲಿ ಮೂರನೇ ಒಂದು ಭಾಗ, ಅಂದರೆ 30 ಡಿಗ್ರಿ ಹೋಗುವಷ್ಟರಲ್ಲಿ ಚುಕ್ಕೆ ಅರ್ಧ ಎತ್ತರ ಏರಿರುತ್ತದೆ. ಉಳಿದ ಅರ್ಧ ಏರಲು 60 ಡಿಗ್ರಿ ತೆಗೆದುಕೊಳ್ಳುತ್ತದೆ. ಮೊದಲು ಸರ್ರನೆ ಏರಿ ಮೇಲೆ ಹೋದಂತೆ ನಿಧಾನ. ಸೈನ್ 30 ಅಂದರೆ ಅರ್ಧ ಅಂತ ಕಣ್ಣಿಗೆ ಕಂಡ ಮೇಲೆ ಅದನ್ನು ಮತ್ತೆ ಉರು ಹೊಡೆಯಬೇಕಾ? ಸೈನ್ ವರ್ಗ ಕೂಡಿಸು ಕಾಸ್ ವರ್ಗ ಒಂದು ಎಂಬ ಸೂತ್ರವೂ ಹಾಗೆಯೇ. ಚುಕ್ಕೆ ಎಲ್ಲೇ ಇದ್ದರೂ ನಡುವಿನಿಂದ ಅದರ ದೂರ ಬದಲಾಗುವುದಿಲ್ಲ ಎಂಬುದನ್ನೇ ಆ ಸೂತ್ರ ಹೇಳುವುದು.

ಇನ್ನೊಂದು ಲಾಭ ಇದೆ. ಪುಸ್ತಕದ ಕೋಷ್ಟಕ 90ಕ್ಕೆ ನಿಲ್ಲುತ್ತದೆ, ಸುತ್ತುವ ಚುಕ್ಕೆ ನಿಲ್ಲುವುದಿಲ್ಲ. 90 ದಾಟಿದ ಕೂಡಲೇ ಅದು ನಡುವಿನ ಎಡಕ್ಕೆ ಹೋಗುತ್ತದೆ. ಕಾಸ್ ಬೆಲೆ ಮೈನಸ್ ಆಯಿತು. ಸೈನ್ 120 ಅಂದರೆ ಏನು, 120 ಡಿಗ್ರಿ ಇರುವ ಲಂಬಕೋನ ತ್ರಿಭುಜ ಎಲ್ಲಿಂದ ಬರಬೇಕು ಎಂದು ಪಿಯುಸಿ ಮೊದಲ ವರ್ಷದಲ್ಲಿ ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ. ಚುಕ್ಕೆ ಸುತ್ತಿಸಿದವರಿಗೆ ಆ ಗೊಂದಲ ಬರುವುದೇ ಇಲ್ಲ, ಯಾವ ಕಾಲುಭಾಗದಲ್ಲಿ ಯಾವುದು ಪ್ಲಸ್, ಯಾವುದು ಮೈನಸ್ ಎಂದು ಅವರು ಆಗಲೇ ನೋಡಿಬಿಟ್ಟಿರುತ್ತಾರೆ.

ಈಗ ತಕರಾರುಗಳು. ಮಕ್ಕಳು ಮೊದಲ ಸಲ ಬರೆದಾಗ ಎರಡು ಕಡೆ ಸಿಕ್ಕಿಕೊಳ್ಳುತ್ತಾರೆ, ಎರಡೂ ಪಾಠಕ್ಕೆ ಬಹಳ ಒಳ್ಳೆಯವು.

ಮೊದಲನೆಯದು ಸಣ್ಣದು. "ಸರ್, ಮ್ಯಾಲ ಹೋಗು ಅಂದ್ರ ಕೆಳಗ ಹೊಂಟದಲ್ರೀ!" ಗ್ರಾಫ್ ಹಾಳೆಯಲ್ಲಿ ವೈ ಮೇಲಕ್ಕೆ ಹೆಚ್ಚುತ್ತದೆ. ಪ್ರೊಸೆಸಿಂಗ್, ಪಿ5, ಪೈಗೇಮ್ ಇಂಥ ಚಿತ್ರ ಬಿಡಿಸುವ ಪ್ರೋಗ್ರಾಮಿಂಗ್ ಸಾಧನಗಳಲ್ಲಿ ಸೊನ್ನೆ ಇರುವುದು ಪರದೆಯ ಎಡ ಮೇಲ್ಮೂಲೆಯಲ್ಲಿ, ವೈ ಕೆಳಕ್ಕೆ ಹೆಚ್ಚುತ್ತದೆ. ಹಾಗಾಗಿ ಅದೇ ಸೂತ್ರ ಬರೆದರೂ ಚುಕ್ಕೆ ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತದೆ. ಭೂಮಿಯನ್ನು ಉತ್ತರ ಧ್ರುವದ ಮೇಲಿನಿಂದ ನೋಡಿದರೆ ಅದು ಸೂರ್ಯನನ್ನು ಸುತ್ತುವುದು ಗಡಿಯಾರಕ್ಕೆ ಎದುರಾಗಿ, ಚಂದ್ರ ಭೂಮಿಯನ್ನು ಸುತ್ತುವುದೂ ಹಾಗೆಯೇ. ಆದ್ದರಿಂದ ಸೈನ್ ಇರುವ ಕಡೆ ಪ್ಲಸ್ ತೆಗೆದು ಮೈನಸ್ ಹಾಕಬೇಕು. ಮಕ್ಕಳಿಗೆಂದೇ ಮಾಡಿದ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮತ್ತು ಪೈಥಾನ್ ಭಾಷೆಯ ಚಿತ್ರ ಬಿಡಿಸುವ ಟರ್ಟಲ್‌ನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಸೊನ್ನೆ ನಟ್ಟನಡುವೆ, ವೈ ಮೇಲಕ್ಕೆ.

ಎರಡನೆಯದೇ ನಿಜವಾದ ಹಬ್ಬ. ಸ್ಕ್ರ್ಯಾಚ್‌ನಲ್ಲಿ ಸೈನ್‌ಗೆ ಡಿಗ್ರಿ ಕೊಡಬಹುದು. ಪೈಥಾನ್, ಪ್ರೊಸೆಸಿಂಗ್, ಪಿ5 ಇವುಗಳಿಗೆ ನಾವು ಬೇರೆ ಏನೂ ಹೇಳದಿದ್ದರೆ ಅವು ಕೋನವನ್ನು ರೇಡಿಯನ್ ಎಂಬ ಇನ್ನೊಂದು ಅಳತೆಯಲ್ಲೇ ಕೇಳುತ್ತವೆ. ಒಂದು ರೇಡಿಯನ್ ಅಂದರೆ ಸುಮಾರು 57.3 ಡಿಗ್ರಿ. ಹುಡುಗ ಕೋನಕ್ಕೆ 1 ಸೇರಿಸುತ್ತಾನೆ, ಒಂದು ಡಿಗ್ರಿ ಅಂದುಕೊಂಡು. ಯಂತ್ರ 57.3 ಡಿಗ್ರಿ ಜಿಗಿಸುತ್ತದೆ. ಭೂಮಿ ಸುತ್ತುವ ಬದಲು ಪರದೆ ತುಂಬಾ ಮಿಡತೆ ಹಾರಿದ ಹಾಗೆ ಕುಣಿಯುತ್ತದೆ. ಸೈನ್ 90 ಎಷ್ಟು ಎಂದು ಕೇಳಿದರೆ 1 ಎನ್ನಬೇಕಾದದ್ದು 0.894 ಎನ್ನುತ್ತದೆ.

ಇಲ್ಲಿ ಹೆಚ್ಚಿನವರು "ತಪ್ಪಾಯ್ತು, ರೇಡಿಯನ್‌ಗೆ ಬದಲಿಸು" ಎಂದು ಹೇಳಿ ಮುಂದೆ ಹೋಗುತ್ತಾರೆ. ಹೋಗಬೇಡಿ ಅಂತ ನನ್ನ ಮಾತು. ಆ ತಪ್ಪನ್ನು ಹಾಗೇ ಬಿಡಿ. ಹಳೇ ಚುಕ್ಕೆ ಅಳಿಸಬೇಡಿ, ಒಂದೊಂದು ಜಿಗಿತಕ್ಕೂ ತ್ರಿಜ್ಯವನ್ನು ಚೂರೇ ಚೂರು, 0.15ರಷ್ಟು ಹೆಚ್ಚಿಸುತ್ತಾ ಹೋಗಿ. ಒಂದು ಸಾವಿರ ಚುಕ್ಕೆ ಬೀಳುವ ಹೊತ್ತಿಗೆ ಪರದೆಯ ಮೇಲೆ ಸುರುಳಿ ಸುರುಳಿಯಾಗಿ ಕೈಗಳು ಮೂಡುತ್ತವೆ. ಮಕ್ಕಳಿಗೆ ಎಣಿಸಲು ಹೇಳಿ. ಹೊರಗಡೆ 44 ಕೈಗಳು ಸಿಗುತ್ತವೆ. ಯಾಕೆ 44? ಪೈ ಅಂದರೆ 22/7 ಎಂದು ಸಣ್ಣ ತರಗತಿಗಳಿಂದಲೇ ಹೇಳಿಕೊಂಡು ಬಂದಿದ್ದೇವಲ್ಲ, ಒಂದು ಸುತ್ತು ಅಂದರೆ ಎರಡು ಪೈ, ಅಂದರೆ 44/7. ಹಾಗಾಗಿ 44 ಜಿಗಿತಕ್ಕೆ ಸರಿಯಾಗಿ 7 ಸುತ್ತು ಮುಗಿಯಬೇಕು. ಮುಗಿಯುತ್ತದೆ, ಆದರೆ ಪೂರ್ತಿ ಸರಿಯಾಗಿ ಅಲ್ಲ, ಒಂದು ಡಿಗ್ರಿಯಷ್ಟು ಮುಂದೆ ಹೋಗಿ ನಿಲ್ಲುತ್ತದೆ. ಆ ಒಂದು ಡಿಗ್ರಿಯಿಂದಲೇ ಕೈಗಳು ಬಗ್ಗುತ್ತವೆ. 22/7 ಪೈಗೆ ಹತ್ತಿರ, ಆದರೆ ಪೈ ಅಲ್ಲ ಎಂಬುದನ್ನು ಇದಕ್ಕಿಂತ ಚೆಂದವಾಗಿ ತೋರಿಸುವ ದಾರಿ ನನಗಂತೂ ಗೊತ್ತಿಲ್ಲ.

ಇದೇ ಕಡೆ ಇನ್ನೊಂದು ಆಟ ಆಡಬಹುದು. ಸೇಡಂ ತಾಲ್ಲೂಕಿನ ಮಳಖೇಡ ಎಂದರೆ ನಮ್ಮ ಮಕ್ಕಳಿಗೆ ಹೆದ್ದಾರಿ ಪಕ್ಕದ ಕೋಟೆ ಮತ್ತು ಸಿಮೆಂಟ್ ಧೂಳು. ರಾಷ್ಟ್ರಕೂಟರ ರಾಜಧಾನಿ ಅದು. ಅಲ್ಲಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ವೃತ್ತದ ಲೆಕ್ಕಕ್ಕೆ ಅವನು ಒರಟಾಗಿ 3 ಸಾಕು ಎಂದ, ಸೂಕ್ಷ್ಮ ಬೇಕಿದ್ದರೆ 10ರ ವರ್ಗಮೂಲ ತಗೋ ಎಂದ. ಪ್ರೋಗ್ರಾಮಿನಲ್ಲಿ ಪೈ ಜಾಗಕ್ಕೆ 3 ಹಾಕಿ ಒಂದು ಸುತ್ತು ಹೊಡೆಸಿ. ಚುಕ್ಕೆ 16 ಡಿಗ್ರಿ ಹಿಂದೆಯೇ ನಿಲ್ಲುತ್ತದೆ. 10ರ ವರ್ಗಮೂಲ ಹಾಕಿದರೆ 2.4 ಡಿಗ್ರಿ ಮುಂದೆ ಓಡುತ್ತದೆ. 22/7 ಹಾಕಿದರೆ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಸಾವಿರದ ಇನ್ನೂರು ವರ್ಷದ ಹಿಂದಿನ ನಮ್ಮೂರ ಕಡೆಯ ಲೆಕ್ಕವನ್ನು ಹೊಗಳಿ ಭಾಷಣ ಮಾಡುವ ಬದಲು ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದಲ್ವಾ?

ರೇಡಿಯನ್ ಅಂದರೆ ಏನು ಎಂದು ಹತ್ತನೇ ತರಗತಿಗೆ ಹೇಗೆ ಹೇಳುವುದು ಅಂತ ಕೆಲವರು ಕೇಳಬಹುದು. ಟರ್ಟಲ್‌ನಲ್ಲಿ "ಒಂದು ಹೆಜ್ಜೆ ಮುಂದೆ, ಒಂದು ಡಿಗ್ರಿ ಬಲಕ್ಕೆ" ಎಂಬುದನ್ನು 360 ಸಲ ಮಾಡಿಸಿ. ವೃತ್ತ ಬರುತ್ತದೆ. ಸುತ್ತಳತೆ 360 ಹೆಜ್ಜೆ. ತ್ರಿಜ್ಯ ಎಷ್ಟು? ಭಾಗಿಸಿ ನೋಡಿದರೆ 57.3 ಹೆಜ್ಜೆ. ಆ ತ್ರಿಜ್ಯದಷ್ಟೇ ಉದ್ದ ವೃತ್ತದ ಅಂಚಿನ ಮೇಲೆ ನಡೆದರೆ 57.3 ಡಿಗ್ರಿ ತಿರುಗಿರುತ್ತೀರಿ. ಅದೇ ಒಂದು ರೇಡಿಯನ್. ಇಷ್ಟೇ.

ಒಂದು ಚುಕ್ಕೆ ಸುತ್ತಿದ ಮೇಲೆ ಮಕ್ಕಳು ತಾವೇ ಮುಂದೆ ಹೋಗುತ್ತಾರೆ. ಚಂದ್ರ ಬೇಕು ಎನ್ನುತ್ತಾರೆ. ಚಂದ್ರನಿಗೂ ಅದೇ ಸೂತ್ರ, ನಡು ಮಾತ್ರ ಬೇರೆ. ಭೂಮಿ ಈಗ ಎಲ್ಲಿದೆಯೋ ಅದೇ ಚಂದ್ರನ ನಡು. ಭೂಮಿಯ ಜಾಗವನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಚಂದ್ರನದು. ಭೂಮಿ ಒಂದು ಡಿಗ್ರಿ ಸರಿದರೆ ಚಂದ್ರ ಸುಮಾರು 13.4 ಡಿಗ್ರಿ ಸರಿಯಬೇಕು, ಯಾಕೆಂದರೆ ಅದರ ಸುತ್ತು 27.3 ದಿನದ್ದು. ಬುಧನಿಗೆ 88 ದಿನ, ಶುಕ್ರನಿಗೆ 225, ಮಂಗಳನಿಗೆ 687. ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ. ಭೂಮಿ 6 ಸೆಕೆಂಡಿಗೆ ಸುತ್ತಿದರೆ ಶನಿ ಸುಮಾರು ಮೂರು ನಿಮಿಷ ತೆಗೆದುಕೊಳ್ಳುತ್ತಾನೆ. ಶನಿ ಕಾಟ ಯಾಕೆ ಅಷ್ಟು ದಿನ ಅಂತ ಅಜ್ಜಿಯರು ಹೇಳುವುದರ ಅರ್ಧ ಉತ್ತರ ಇಲ್ಲೇ ಇದೆ ಎಂದು ನಾನು ತಮಾಷೆ ಮಾಡುವುದುಂಟು.

ತಮಾಷೆ ಇರಲಿ. ಚಂದ್ರನ ವಿಷಯದಲ್ಲಿ ಒಂದು ಎಚ್ಚರ ಬೇಕು. ಪರದೆಯ ಚಿತ್ರ ಸುಳ್ಳು ಹೇಳುತ್ತದೆ. ಭೂಮಿಯಿಂದ ಸೂರ್ಯನಿಗೆ 15 ಕೋಟಿ ಕಿಲೋಮೀಟರ್. ಅದನ್ನು ಪರದೆಯಲ್ಲಿ 150 ಪಿಕ್ಸೆಲ್ (ಪರದೆಯ ಅತಿ ಸಣ್ಣ ಚುಕ್ಕೆ) ಮಾಡಿದರೆ ಒಂದು ಪಿಕ್ಸೆಲ್ ಅಂದರೆ 10 ಲಕ್ಷ ಕಿಲೋಮೀಟರ್. ಸೂರ್ಯನೇ ಒಂದೂವರೆ ಪಿಕ್ಸೆಲ್ ಅಗಲ ಇರುವುದಿಲ್ಲ. ಚಂದ್ರ ಭೂಮಿಯಿಂದ ಅರ್ಧ ಪಿಕ್ಸೆಲ್ ಕೂಡ ದೂರ ಇಲ್ಲ. ಹಾಗಾಗಿ ನಾವು ಮೋಸ ಮಾಡುತ್ತೇವೆ, ಚಂದ್ರನ ತ್ರಿಜ್ಯ 25 ಅಂತ ಇಡುತ್ತೇವೆ. ಆಗ ಚಂದ್ರನ ದಾರಿಯನ್ನು ಅಳಿಸದೆ ಬಿಟ್ಟರೆ ಭೂಮಿಯ ದಾರಿಗುಂಟ ಗಂಟು ಗಂಟಾಗಿ ಸುರುಳಿ ಬೀಳುತ್ತದೆ. ನೋಡಲು ಚೆಂದ, ಆದರೆ ನಿಜ ಅಲ್ಲ. ತ್ರಿಜ್ಯವನ್ನು 10ಕ್ಕೆ ಇಳಿಸಿ ನೋಡಿ, ಸುರುಳಿ ಮಾಯ, ಬರೀ ಅಲೆ ಉಳಿಯುತ್ತದೆ. ಒಂದಕ್ಕಿಂತ ಕಡಿಮೆ ಮಾಡಿದರೆ ಅಲೆಯೂ ಹೋಗಿ ಹೆಚ್ಚುಕಡಿಮೆ ಭೂಮಿಯ ದಾರಿಯೇ ಆಗುತ್ತದೆ. ನಿಜವಾದ ಚಂದ್ರ ಸೂರ್ಯನ ಸುತ್ತ ಹೋಗುವುದು ಹಾಗೆ, ಗಂಟಿಲ್ಲದೆ, ಯಾವಾಗಲೂ ಸೂರ್ಯನ ಕಡೆಗೇ ಬಾಗುತ್ತಾ. ಬಹಳ ಮಂದಿ ಪದವೀಧರರಿಗೂ ಇದು ಗೊತ್ತಿರುವುದಿಲ್ಲ. ಒಂದು ಸಂಖ್ಯೆ ಬದಲಿಸಿ ಹತ್ತನೇ ತರಗತಿ ಹುಡುಗಿ ಇದನ್ನು ಕಂಡುಕೊಳ್ಳಬಹುದು.

ಭೂಮಿಯ ದಾರಿ ವೃತ್ತ ಅಲ್ಲ, ದೀರ್ಘವೃತ್ತ ಅಲ್ವಾ ಎಂದು ವಿಜ್ಞಾನ ಶಿಕ್ಷಕರು ಆಕ್ಷೇಪ ಎತ್ತಬಹುದು. ಹೌದು. ಆದರೆ 150 ಪಿಕ್ಸೆಲ್ ಇಟ್ಟುಕೊಂಡರೆ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಒಂದು ಪಿಕ್ಸೆಲ್‌ನ ಇಪ್ಪತ್ತನೇ ಭಾಗದಷ್ಟೂ ಇಲ್ಲ. ಕಾಣುವುದಿಲ್ಲ. ಕಾಣುವುದು ಏನೆಂದರೆ ಸೂರ್ಯ ನಡುವಿನಿಂದ ಎರಡೂವರೆ ಪಿಕ್ಸೆಲ್ ಪಕ್ಕಕ್ಕೆ ಇರುವುದು. ಅಷ್ಟು ಮಾಡಿದರೆ ಸಾಕು. ಭೂಮಿ ಸೂರ್ಯನಿಗೆ ಹತ್ತಿರ ಬರುವುದು ಜನವರಿ ಮೊದಲ ವಾರ, ದೂರ ಹೋಗುವುದು ಜುಲೈ ಮೊದಲಲ್ಲಿ. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಸೂರ್ಯ ಹತ್ತಿರ ಬಂದಿರುವುದೇ ಕಾರಣ ಎಂದು ಇಲ್ಲಿ ಬಹಳ ಜನ ನಂಬಿದ್ದಾರೆ. ಮೇನಲ್ಲಿ ಭೂಮಿ ಸೂರ್ಯನಿಂದ ದೂರ ಸರಿಯುತ್ತಿರುತ್ತದೆ. ಬಿಸಿಲಿಗೆ ಕಾರಣ ಭೂಮಿ ವಾಲಿರುವುದು, ಸೂರ್ಯ ನೆತ್ತಿಯ ಮೇಲೆ ಬರುವುದು. ಭೂಮಿ ಒಂದೊಂದು ಕಡೆ ಒಂದೊಂದು ವೇಗದಲ್ಲಿ ಹೋಗುವುದಕ್ಕೆ ಖಗೋಳ ವಿಜ್ಞಾನಿ ಕೆಪ್ಲರ್ ಕೊಟ್ಟ ಲೆಕ್ಕ ಮಾತ್ರ ಪಿಯುಸಿಗೆ ಇರಲಿ, ಅದಕ್ಕೆ ಬರೀ ಸೈನ್, ಕಾಸ್ ಸಾಲುವುದಿಲ್ಲ.

ಖರ್ಚಿನ ಮಾತು. ಸ್ಕ್ರ್ಯಾಚ್ ಬಿಟ್ಟಿ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಪೈಥಾನೂ ಬಿಟ್ಟಿ, ಟರ್ಟಲ್ ಅದರ ಜೊತೆಗೇ ಬರುತ್ತದೆ. ಹತ್ತು ವರ್ಷದ ಹಳೇ ಕಂಪ್ಯೂಟರ್ ಸಾಕು. ಹಳೇದರಲ್ಲಿ ಚುಕ್ಕೆ ನಿಧಾನ ಸುತ್ತುತ್ತದೆ, ಪಕ್ಕದ ಹೊಸದರಲ್ಲಿ ಬೇಗ, ಎರಡು ಕಂಪ್ಯೂಟರಿಗೂ ಬೇರೆ ಬೇರೆ ವರ್ಷ! ಕೋನವನ್ನು ಗಡಿಯಾರದ ಸಮಯಕ್ಕೆ ಕಟ್ಟಿದರೆ ಅದೂ ಸರಿಹೋಗುತ್ತದೆ. ಯಂತ್ರಗಳು ನಮ್ಮಲ್ಲಿ ಇಲ್ಲ ಎಂದೇನಿಲ್ಲ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಕಂಪ್ಯೂಟರ್‌ಗಳಿಗೆ ಹೊದಿಸಿದ ಬಟ್ಟೆ ತೆಗೆಯುವುದು ತಪಾಸಣೆಗೆ ಅಧಿಕಾರಿ ಬಂದಾಗ ಮಾತ್ರ. ಕೊಠಡಿಯ ಬೀಗದ ಕೈ ಕೇಳಿದರೆ "ಹಾಳಾದ್ರ ಯಾರ್ ಹೊಣಿ?" ಎಂಬ ಉತ್ತರ. ಬಳಸದೆ ಇಟ್ಟರೂ ಬ್ಯಾಟರಿ ಹಾಳಾಗುತ್ತದೆ ಎಂದು ಯಾರು ಹೇಳಬೇಕು? ಕರೆಂಟ್ ಇಲ್ಲದ ದಿನ ಗ್ರಾಫ್ ಹಾಳೆ ಮೇಲೆ 15 ಡಿಗ್ರಿಗೊಂದರಂತೆ 24 ಚುಕ್ಕೆ ಇಡಿಸಿದರೂ ಅರ್ಧ ಪಾಠ ಆಗುತ್ತದೆ.

ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ರಜೆಯಲ್ಲಿ ಅಲ್ಲಿ ಇಂಥದೊಂದು ತರಬೇತಿ ಇಟ್ಟರೆ ಆಳಂದ, ಚಿಂಚೋಳಿ, ಜೇವರ್ಗಿ ಕಡೆಯ ಗಣಿತ ಶಿಕ್ಷಕರೂ ಬಂದು ಕಲಿಯಬಹುದು. ಬೀದರ್, ಯಾದಗಿರಿಯವರೂ ಇದನ್ನು ಕೇಳಬೇಕು.

ಇಷ್ಟು ಹೇಳಿದರೂ "ಪರೀಕ್ಷೆಗೆ ಬರಲ್ಲ ಬಿಡ್ರಿ" ಎನ್ನುವವರು ಇದ್ದೇ ಇರುತ್ತಾರೆ. ನಮ್ಮಲ್ಲಿ ಪರೀಕ್ಷೆಗೆ ಬಂದರೆ ಮಾತ್ರ ಪಾಠ ಆಗುವುದು, ಅದನ್ನು ನಾನೂ ಬಲ್ಲೆ. ಹಾಗಾದರೆ ಪ್ರಶ್ನೆಪತ್ರಿಕೆ ಮಾಡುವವರಿಗೇ ಕೇಳುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಾದರೂ ಎರಡು ಅಂಕದ ಒಂದು ಪ್ರಶ್ನೆ ಹಾಕಿ: ಒಂದು ಚುಕ್ಕೆ ಸೊನ್ನೆಯನ್ನು ನಡುವಾಗಿಟ್ಟುಕೊಂಡು 10 ಸೆಂಟಿಮೀಟರ್ ತ್ರಿಜ್ಯದಲ್ಲಿ ಸುತ್ತುತ್ತಿದೆ, ಬಲಗಡೆಯಿಂದ ಹೊರಟು 60 ಡಿಗ್ರಿ ಮೇಲಕ್ಕೆ ತಿರುಗಿದಾಗ ಅದು ಎಲ್ಲಿರುತ್ತದೆ? ಅಡ್ಡಕ್ಕೆ 5, ಎತ್ತರಕ್ಕೆ 8.66. ಸಿಲಬಸ್ಸಿನ ಒಳಗೇ ಇದೆ, ಕೋಷ್ಟಕದಲ್ಲೇ ಉತ್ತರ ಇದೆ, ಯಾವ ಆದೇಶವೂ ಬೇಕಿಲ್ಲ.

ಇಂತಿ,
ಒಬ್ಬ ಗಣಿತ ಮಾಸ್ತರ,
ಕಲಬುರಗಿ